ಗೋಡೆಗೆ ಮೆತ್ತಿದ ಬಟ್ಟಲುಗಳು

ಶಾಲೆಯ ಉದ್ದ ಗೋಡೆಯ ಮೇಲೆ ನಬ್ರಾ ಮುಳುಗಿದ ಊರಿನ ಚಿತ್ರ ಬರೆಯುತ್ತಿದ್ದಾಳೆಂದು ಕೊಂ ಓಂಬೋಗೆ ಬಂದು ನೆಲೆಸಿದ ನೂಬಿಯಾದವರೆಲ್ಲ ಹೋಗಿ ನೋಡಿ ಬಂದರು. ಅವಳ ಅಜ್ಜಿ ದಹೀಬಾ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಅಣೆಕಟ್ಟಿನ ನೀರು ಏರುವ ಮುಂಚೆ ಸರ್ಕಾರ ಎಲ್ಲರನ್ನೂ ಹಡಗು ಹತ್ತಿಸಿ ಇಲ್ಲಿಗೆ ತಂದಿತ್ತು. ಅಲ್ಲಿ ಬಿಟ್ಟು ಬಂದದ್ದನ್ನು ನೆನೆದರೆ ದಹೀಬಾಗೆ ನಾಲಿಗೆಯೇ ಏಳುತ್ತಿರಲಿಲ್ಲ. ನಬ್ರಾ ಊರಿನ ಮುದುಕಿಯರನ್ನೆಲ್ಲ ಕಾಡಿ ಬೇಡಿ ವಿವರ ತಿಳಿದುಕೊಂಡಿದ್ದಳು. ಸ್ವಂತ ಅಜ್ಜಿಯಿಂದ ಒಂದು ಮಾತೂ ಹೊರಟಿರಲಿಲ್ಲ.

"ನೀನು ನೋಡೋ ತನಕ ಆ ಗೋಡೆ ಮುಗೀಲಿಲ್ಲ ಅಂತಲೇ ಲೆಕ್ಕ, ಅಜ್ಜಿ."

"ಮುಗೀದೆ ಇರ್ಲಿ ಬಿಡು. ನಂಗೇನು."

ಹಾಗೆಂದವಳೇ ಬಿಸಿಲಿಳಿದ ಮೇಲೆ ಕರಿ ನಿಲುವಂಗಿ ತೊಟ್ಟು ನಬ್ರಾಳ ಜೊತೆ ಹೊರಟಳು.

ಗೋಡೆಯ ಚಿತ್ರದಲ್ಲಿ ಪ್ರತಿ ಬಾಗಿಲೂ ನದಿಯ ಕಡೆಗೇ ಮುಖ ಮಾಡಿತ್ತು. ಬಾಗಿಲ ಮೇಲೆ ಅಂದಕ್ಕೆ ಮೆತ್ತಿದ ಪಿಂಗಾಣಿ ತಟ್ಟೆಗಳು. ದಹೀಬಾಳ ಹಳೆ ಮನೆಯ ಜಗಲಿಯ ಮುರಿದ ಮೂಲೆಯನ್ನೂ ಹುಡುಗಿ ಬಿಟ್ಟಿರಲಿಲ್ಲ. ಆ ಊರಿನ ಮಣ್ಣನ್ನೇ ತುಳಿಯದವಳು! ದೇವರು ಎಂಥ ಕೈ ಕೊಟ್ಟಿದ್ದಾನೆ ಇವಳಿಗೆ ಎಂದು ದಹೀಬಾಗೆ ಎದೆ ತುಂಬಿ ಬಂತು. ಹೇಳಿದರೆ ಕೊಬ್ಬುತ್ತಾಳೆಂದು ಮುಂದಕ್ಕೆ ನಡೆದಳು.

ಗೋಡೆಯ ಕೊನೆಗೆ ಗೋರಿಗಳು. ಒಂದೊಂದರ ತಲೆಯ ಬಳಿಯೂ ನಬ್ರಾ ನಿಜವಾದ ಮಣ್ಣಿನ ಬಟ್ಟಲನ್ನೇ ಗಾರೆಯಿಂದ ಗೋಡೆಗೆ ಮೆತ್ತಿದ್ದಳು, ಮನೆ ಬಾಗಿಲಿನ ತಟ್ಟೆಗಳಂತೆ.

"ಇದ್ಯಾವ ಸೀಮೆ ಬಟ್ಟಲೇ? ನೀರು ನಿಲ್ಲುತ್ತಾ ಇದ್ರಲ್ಲಿ? ಸತ್ತೋರು ಗೋಡೆ ನೆಕ್ಕಬೇಕಾ?"

"ನೋಡೋಕೆ ಚೆನ್ನಾಗಿರುತ್ತೆ ಅಂತ…"

"ನೋಡೋರಿಗಲ್ಲ ಕಣೇ. ಒಳಗೆ ಮಲಗಿರೋರಿಗೆ, ಬಂದವರು ನೀರು ಹೊಯ್ಯೋಕೆ."

ನಬ್ರಾಳ ಮುಖ ಸಣ್ಣದಾಯಿತು. ಆದರೂ ಹೋಗಿ ಉಳಿ ತಂದು, ಅಷ್ಟು ಕಷ್ಟಪಟ್ಟು ಮೆತ್ತಿದ್ದನ್ನೆಲ್ಲ ಒಂದೊಂದಾಗಿ ಎಬ್ಬಿಸಿ, ಗೋಡೆಯ ಬುಡದಲ್ಲಿ ನೆಲಕ್ಕೆ ಇಟ್ಟಳು. ದಹೀಬಾ ನೋಡುತ್ತಲೇ ಇದ್ದಳು. ತಪ್ಪನ್ನು ಹೀಗೆ ತಿದ್ದಿಕೊಳ್ಳುವವಳ ಮುಂದೆ ಬಾಯಿ ಬಿಡಬಹುದು ಅನ್ನಿಸಿತು.

"ಇನ್ನೊಂದು ಬೇಕು. ಚಿಕ್ಕದು."

"ಯಾರಿಗಜ್ಜಿ?"

"ನನ್ನ ಹಸೂನನಿಗೆ. ನಿಮ್ಮಪ್ಪನಿಗಿಂತ ಮುಂಚೆ ಹುಟ್ಟಿದ್ದ. ಜ್ವರ ಬಂದು ಹೋದ. ಗೋರಿ ಮಣ್ಣು ಆರೋ ಮುಂಚೆ ಹಡಗು ಬಂತು." ಗೋರಿಗಳ ನಡುವಿನ ಒಂದು ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ಈಗ ಅವನ ಮೇಲೆ ಇಡೀ ನದಿನೇ ಇದೆ. ನನ್ನ ಕೈಯಾರೆ ಒಂದು ಗುಟುಕು ಹಾಕಕ್ಕಾಗ್ಲಿಲ್ಲ."

ಅಜ್ಜಿ ಬೆರಳಿಟ್ಟ ಜಾಗದಲ್ಲಿ ನಬ್ರಾ ಗೇಣುದ್ದದ ಗೋರಿ ಬರೆದಳು. ಬಣ್ಣ ಕಲಸುವ ಪುಟ್ಟ ಬಟ್ಟಲನ್ನು ಚೆನ್ನಾಗಿ ತೊಳೆದು ಅದರ ಕೆಳಗೆ ಇಟ್ಟು, ತಾನು ಕುಡಿಯಲು ತಂದಿದ್ದ ನೀರಿನ ಹೂಜಿಯನ್ನು ಅಜ್ಜಿಯ ಕೈಗೆ ಕೊಟ್ಟಳು. ದಹೀಬಾ ಹೊಯ್ದಳು. ಬಟ್ಟಲು ತುಂಬಿ ಚೆಲ್ಲಿದರೂ ಹೊಯ್ಯುತ್ತಲೇ ಇದ್ದಳು.