ನುಂಗುವ ಸದ್ದು

ನನ್ನ ಮುಖ ಅಪ್ಪನಿಗೆ ಕಾಣಿಸಿತೇ, ಕಾಣಿಸಿರಬೇಕು, ಹೇಸಿಗೆಯನ್ನು ಅಡಗಿಸಲು ನನ್ನ ಮುಖಕ್ಕೆ ಬರುವುದಿಲ್ಲ, ಡೈರಿಯಲ್ಲಾದರೆ ಎಷ್ಟು ಬೇಕಾದರೂ ಮರ್ಯಾದೆಯಿಂದ ಬರೆದೇನು — ಬಟ್ಟಲಲ್ಲಿ ಬೇಯಿಸಿ ಅರೆದ ಕುಂಬಳಕಾಯಿ, ಯಾರೋ ಆಗಲೇ ಒಮ್ಮೆ ತಿಂದು ಉಗಿದಂತೆ, ಅಪ್ಪ ಚಮಚವನ್ನು ತುಟಿಯವರೆಗೆ ತಂದು ಕೆಳಗಿಟ್ಟರು, ಬೇಡ ಪುಟ್ಟಿ, ಹಸಿವಿಲ್ಲ. ಹಸಿವೆಲ್ಲಿಂದ ಬರಬೇಕು, ಈಗಷ್ಟೇ ಅಮ್ಮ ಮೂಗಿನ ನಳಿಕೆಯಲ್ಲಿ ಹೊಟ್ಟೆ ತುಂಬಿಸಿ ಹೋಗಿದ್ದಾಳೆ, ಪಾಪ, ಸುಟ್ಟ ಗಂಟಲಿಗೆ ಯಾಕೆ ಹಿಂಸೆ ಕೊಡ್ತೀಯೇ, ನಳಿಕೇಲಿ ಸಲೀಸಾಗಿ ಹೋಗುತ್ತಲ್ಲ, ಅನ್ನುತ್ತಾಳೆ. ಸಲೀಸು! ಗಂಟಲ ಕ್ಯಾನ್ಸರ್ ಹೋಯಿತು ಎಂದರು ಡಾಕ್ಟರು, ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಮೇಡಂ ಮಾತ್ರ ಇವತ್ತು ಅಪ್ಪನ ಗಂಟಲ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದರು, ಗಂಟಲಮಣಿ ಮೇಲೇಳ್ತಾನೇ ಇಲ್ವಲ್ರೀ, ರೇಡಿಯೇಷನ್ ಕರೆಂಟು ಕೊಟ್ಟ ಗಂಟಲು ಸುಮ್ಮನೆ ಕೂತ್ರೆ ಬಿಗಿದುಕೊಳ್ಳುತ್ತೆ, ಆಮೇಲೆ ಬೇಕು ಅಂದ್ರೂ ನೀರೂ ಇಳಿಯಲ್ಲ, ನಳಿಕೇನೇ ಗತಿ, ಮನೇಲಿ ನುಂಗಿಸ್ತಿದ್ದೀರ ತಾನೆ — ನಾನು ಹೌದೆಂದು ಗೋಣು ಆಡಿಸಿದೆ, ಅಪ್ಪ ನೆಲ ನೋಡಿದರು.

ಉಸಿರು ಬಿಗಿಹಿಡಿ, ನುಂಗು, ತಕ್ಷಣ ಕೆಮ್ಮು, ಮೇಡಂ ಹೇಳಿಕೊಟ್ಟದ್ದು ಅಷ್ಟೇ ಅಭ್ಯಾಸ, ಆ ಕೆಮ್ಮನ್ನೇ ನಾನು ತಾಳಲಾರೆ, ಎಂಜಲು ದಾರವಾಗಿ ಗಲ್ಲದಿಂದ ಇಳಿದು ಬಟ್ಟಲು ಸೇರುತ್ತದೆ, ಕಿತ್ತರೂ ಕಡಿಯದ ಅಂಟು, ಹಳಸಿದ ಬಾಯಿಯ ವಾಸನೆ ನನ್ನ ಕೂದಲಿಗೂ ಹತ್ತಿದೆ, ಮೊದಲ ದಿನ ಅಪ್ಪನೇ ನಕ್ಕಿದ್ದರು, ನೋಡೇ, ನಮ್ಮನೆ ಬಚ್ಚಲ ತೂತಿಗಿಂತ ನನ್ನ ಗಂಟಲೇ ಜೋರಾಗಿ ಗೊಳಗೊಳ ಅನ್ನುತ್ತೆ, ಅಮ್ಮನೂ ನಕ್ಕಳು, ನಾನು ಓಡಿದೆ, ನಲ್ಲಿ ಬಿಟ್ಟುಕೊಂಡು ವಾಂತಿ ಮಾಡಿಕೊಂಡೆ, ಗೋಡೆಯಾಚೆ ಕೆಮ್ಮು ಅರ್ಧಕ್ಕೇ ನಿಂತಿತು. ಅಂದಿನಿಂದ ಅಪ್ಪನಿಗೆ ನನ್ನ ಮುಂದೆ ಹಸಿವೇ ಇಲ್ಲ, ಅಮ್ಮನ ಕರುಣೆ ನನಗೆಷ್ಟು ಅನುಕೂಲ, ಥೂ, ಈ ಹೇಸಿಗೆ ಅವರ ಎಂಜಲಿನ ಮೇಲೋ ನನ್ನ ಮೇಲೋ — ನೀನು ಹೊರಗೆ ಹೋಗು ಪುಟ್ಟಿ, ಆಮೇಲೆ ನೋಡೋಣ, ಅಪ್ಪನ ಪಿಸುದನಿ, ಗೋಡೆಗೆ ತಿರುಗಿದ ಬೆನ್ನು, ಆಮೇಲೆ ಎಂಬುದು ಎಲ್ಲಿದೆ, ಕಪ್ಪಾದ ಚರ್ಮದಡಿ ಗಂಟಲಮಣಿ, ಅಲುಗದ ಗಂಟಲಮಣಿ —

ಅಪ್ಪಾ, ನನಗೆ ಹೇಸಿಗೆ ಆಗುತ್ತೆ, ನಿಜ, ವಾಂತಿ ಬಂದ್ರೆ ಇಲ್ಲೇ ಮಾಡ್ಕೋತೀನಿ, ಹೋಗಲ್ಲ, ನೀವು ನುಂಗಿ.

ನನ್ನದೇ ದನಿ, ಇಷ್ಟು ಜೋರಾಗಿ, ಅಪ್ಪ ತಿರುಗುತ್ತಾರೆ, ಚಮಚ, ಬಿಗಿಹಿಡಿದ ಉಸಿರು, ಗಂಟಲಮಣಿ ಏಳುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಇನ್ನೊಂದು ಚೂರು ಅಪ್ಪಾ, ಗಂಟಲಮಣಿ —