ಚಿಮಟ ಮುಟ್ಟದ ಕೈ

ನಮ್ಮ ಅತ್ತೆ ಕಸ್ತೂರೆವ್ವನ ಮುಂದೆ ಚಿಮಟದ ಹೆಸರೆತ್ತಿದರೆ ಸಾಕು, ಮುಖ ಗಂಟಿಕ್ಕುತ್ತಿದ್ದರು. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬೆರಳಲ್ಲೇ ತಿರುವಬೇಕು; ಚಿಮಟ ಹಿಡಿದವಳು ರೊಟ್ಟಿ ಬಡಿಯಲು ಲಾಯಕ್ಕಲ್ಲ. ಮುಂಡರಗಿಯ ನಮ್ಮ ಖಾನಾವಳಿಗೆ ಬರುವವರೆಲ್ಲ ಆ ಕೈಯನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ಸೊಸೆಯಾದ ನನಗೆ ಮಾತ್ರ ಬೆರಳ ತುಂಬ ಬೊಬ್ಬೆ, ಮೇಲೆ ಅತ್ತೆಯ ಮಂಗಳಾರತಿ.

ಇವತ್ತು ಬೆಳಿಗ್ಗೆ ಸುಟ್ಟ ವಾಸನೆ ಬಂತು. ರೊಟ್ಟಿ ಸೀದಿತೇನೋ ಎಂದು ತಿರುಗಿದರೆ, ಅತ್ತೆಯ ಬಲಗೈ ಕಿರುಬೆರಳು ಹಂಚಿನ ಅಂಚಿಗೆ ಅಂಟಿಕೊಂಡಿದೆ. ಅವರು ಆರಾಮಾಗಿ ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದಾರೆ.

“ಅತ್ತಿಯಾರ, ಕೈ ತಗೀರಿ” ಎಂದು ಎಳೆದೆ.

“ಯಾಕ, ಏನಾತು?” ಎಂದರು. ಬೆರಳಿನ ತೊಗಲು ಹಂಚಿನ ಮೇಲೇ ಉಳಿದಿತ್ತು.

ಓಣಿಯಲ್ಲಿ ಮನೆಮನೆ ತಿರುಗುತ್ತಿದ್ದ ಆಶಾ ಕಾರ್ಯಕರ್ತೆ ಅಸ್ಮಾಳನ್ನು ಕರೆತಂದೆ. ಅವಳು ಗಾಯ ನೋಡಿ, ಅತ್ತೆಯ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಮುಂಗೈ ಮೇಲೊಂದು ಮಾಸಲು ಬಿಳಿ ಮಚ್ಚೆ. ಒಲೆಯ ಝಳಕ್ಕೆ ಬಣ್ಣಗೆಟ್ಟಿದೆ ಎಂದುಕೊಂಡಿದ್ದೆವು.

“ತೊಗಲಂದ್ರ ಬರೇ ಹೊದಿಕಿ ಅಲ್ರಿ ಅವ್ವಾರ” ಎಂದಳು ಅಸ್ಮಾ. “ಮ್ಯಾಲಿಂದು ಸುಟ್ರ ತಳದಿಂದ ಹೊಸಾದು ಬರತೈತಿ. ಒಳಗ ಕಾವಲು ಕಾಯೋ ನರ ಅದಾವಲ್ಲ, ಅವು ಸುಮ್ಮನಾದ್ರ ಬೆರಳು ಹೋದ್ರೂ ಖಬರ ಆಗೂದಿಲ್ಲ. ಕಣ್ಣ ಮುಚ್ಚ್ರಿ. ಅರಳಿ ತಾಗಿದಾಗ ಹ್ಞೂಂ ಅನ್ರಿ.”

ಅರಳೆಯ ಎಳೆಯನ್ನು ಮಚ್ಚೆಯ ಮೇಲೆ ಆಡಿಸಿದಳು. ಅತ್ತೆ ಸುಮ್ಮನೆ ಕೂತಿದ್ದರು. ಮತ್ತೆ ಆಡಿಸಿದಳು. ಒಂದು ಸಲ ಹ್ಞೂಂ ಅನ್ನಿ ಅತ್ತೆ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನನ್ನು ಬೈಯಲು ಸದಾ ತಯಾರಿರುವ ಬಾಯಿ ಈಗ ತೆರೆಯಲೊಲ್ಲದು. ಅಸ್ಮಾ ಕೈ ಹಿಂದೆಗೆದು ಅರಳೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು.

“ಹ್ಞೂಂ” ಎಂದರು ಅತ್ತೆ. “ಈಗ ತಾಗಿತು ನೋಡು.”

ಅತ್ತೆ ಕಣ್ಣು ತೆರೆದು ಮಡಿಲಿನ ಅರಳೆಯನ್ನು ನೋಡಿದರು.

“ಕುಷ್ಠ ಇರಬೌದ್ರಿ” ಎಂದಳು ಅಸ್ಮಾ ಮೆಲ್ಲಗೆ. “ಗುಳಿಗಿಗೆ ಗುಣಾ ಆಗತೈತಿ, ಅಂಜಬ್ಯಾಡ್ರಿ. ಆದ್ರ ಇವತ್ತ ದವಾಖಾನಿಗೆ ಹೋಗಬೇಕು. ತಡಾ ಮಾಡಿದ್ರ ಇನ್ನೊಂದು ಕೈಗೂ ಬರಬೌದು.”

ಅತ್ತೆ ಎದ್ದರು. ನಾನು ತಡೆಯುವಷ್ಟರಲ್ಲಿ ಎಡಗೈ ಬೆರಳನ್ನು ಹಂಚಿಗೆ ಮುಟ್ಟಿಸಿದರು. ಚುರ್ ಎಂದದ್ದೇ ತಡ, ಕೈ ತಾನಾಗಿ ಹಿಂದೆ ಬಂತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಗಳಗಳನೆ ಅತ್ತರು.

“ಸುಡ್ತು, ರಂಜನಿ” ಎಂದರು. “ಇದು ಸುಡ್ತು.”

ಸೆರಗಿನಿಂದ ಮುಖ ಒರೆಸಿಕೊಂಡು ಅಸ್ಮಾಳ ಜೊತೆ ಹೊರಟವರು, ಬಾಗಿಲಲ್ಲಿ ನಿಂತು ನನ್ನ ಬೊಬ್ಬೆಗಳನ್ನು ನೋಡಿದರು.

“ರೊಟ್ಟಿ ನೀ ನೋಡಕೋ. ಚಿಮಟ ಹಿಡದ ತಿರುವು.”