ಮುಖ ಅಳಿಸಿದ ಚಿತ್ರಗಳು

ಮಗಳ ತುಟಿಯ ಅಂಚಿನಲ್ಲಿ ನೀರುಗುಳ್ಳೆ ಎದ್ದಿದ್ದನ್ನು ಕಂಡು ಅಕ್ಕನ ಎದೆ ಧಸಕ್ಕೆಂದಿತು. ಬೇರೆ ತಾಯಿಯಾಗಿದ್ದರೆ "ಜ್ವರದ ಗುಳ್ಳೆ ಕಣೇ, ಒಣಗುತ್ತೆ" ಎಂದು ಮುಲಾಮು ಸವರಿ ಶಾಲೆಗೆ ಅಟ್ಟುತ್ತಿದ್ದಳು. ಆದರೆ ಇವಳಿಗೆ ಈ ವಿಷಯದಲ್ಲಿ ಸ್ವಲ್ಪ ಗೊತ್ತಿತ್ತು. ಏನೂ ಗೊತ್ತಿಲ್ಲದವರು ಸುಖವಾಗಿ ನಿದ್ದೆ ಮಾಡುತ್ತಾರೆ, ಪೂರ್ತಿ ಗೊತ್ತಿರುವವರೂ ಹೇಗೋ ಮಾಡುತ್ತಾರೆ. ಸ್ವಲ್ಪ ಗೊತ್ತಿರುವವರ ಪಾಡು ಯಾರಿಗೂ ಬೇಡ.

ಅವಳು ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರ ನಡೆಸುವವಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಅಕ್ಕ, ಆದರೆ ನಿಜವಾಗಿ ಅವಳಿಗಿದ್ದದ್ದು ಒಬ್ಬನೇ ತಮ್ಮ. ಕಾಲೇಜಿನ ದಿನಗಳಲ್ಲಿ ಅವನಿಗೆ ಸ್ಕಿಜೋಫ್ರೇನಿಯಾ ಬಂದಿತ್ತು. ಯಾರೂ ಇಲ್ಲದ ಕೋಣೆಯಲ್ಲಿ ಅವನಿಗೆ ಮಾತು ಕೇಳಿಸುತ್ತಿತ್ತು. ಈಗ ಮಾತ್ರೆ ತಪ್ಪಿಸದೆ ನುಂಗುತ್ತ, ಬೆಳಗಿನ ಹೊತ್ತು ಪುಸ್ತಕ ಬೈಂಡ್ ಮಾಡುವ ಅಂಗಡಿಯಲ್ಲಿ ದುಡಿದು, ಮಧ್ಯಾಹ್ನ ಅಕ್ಕನ ಮಗಳನ್ನು ಶಾಲೆಯಿಂದ ಕರೆತರುತ್ತಿದ್ದ. ಒಂದು ಕಡೆ ನಿಲ್ಲದ ಆ ಹುಡುಗಿಗೆ ಅಳಿಲು ಎಂದು ಹೆಸರಿಟ್ಟವನೂ ಅವನೇ. ಅಳಿಲಿಗೆ ಮಾವನೆಂದರೆ ಪ್ರಾಣ. ಅವನ ತಟ್ಟೆಯಲ್ಲೇ ಊಟ, ಅವನ ಲೋಟದಲ್ಲೇ ನೀರು. ಗಂಡ ದೂರದ ಊರಿನ ಕೆಲಸದಲ್ಲಿದ್ದುದರಿಂದ ಅಕ್ಕನಿಗೂ ತಮ್ಮನೇ ಬಲಗೈ.

ಆಸ್ಪತ್ರೆಯ ಡಾಕ್ಟರಮ್ಮ ಆ ವರ್ಷ ಒಂದು ಅಧ್ಯಯನ ನಡೆಸುತ್ತಿದ್ದರು. ಸ್ಕಿಜೋಫ್ರೇನಿಯಾ ಇರುವವರೊಬ್ಬರು, ಅವರ ಜೊತೆ ಕಾಯಿಲೆ ಇಲ್ಲದ ಒಡಹುಟ್ಟಿದವರೊಬ್ಬರು, ಹೀಗೆ ಜೋಡಿ. ಇಬ್ಬರ ರಕ್ತವನ್ನೂ ಪರೀಕ್ಷಿಸಿ, ತುಟಿಗುಳ್ಳೆ ತರುವ ವೈರಸ್ ಎಂದೋ ಮೈಹೊಕ್ಕ ಗುರುತಿದೆಯೇ, ವಂಶದಿಂದ ಬಂದ ಕೆಲವು ಜೀನ್‌ಗಳಿವೆಯೇ ಎಂದು ನೋಡುವುದು. ಎರಡೂ ಕೂಡಿದವರ ಮಿದುಳಿನ ಬೂದು ಭಾಗ ತೆಳುವಾಗಿರುತ್ತದೆಯೇ ಎಂದು ಅಳೆಯುವುದು. "ಜೀನ್ ಒಣಸೌದೆ, ವೈರಸ್ಸು ಬೆಂಕಿಕಡ್ಡಿ ಇರಬಹುದು, ಇರಬಹುದು ಅಷ್ಟೇ" ಎಂದಿದ್ದರು ಡಾಕ್ಟರಮ್ಮ. ಅಕ್ಕನ ತಲೆಯಲ್ಲಿ ಸೌದೆ ಉಳಿಯಿತು, ಕಡ್ಡಿ ಉಳಿಯಿತು, ಇರಬಹುದು ಎಂಬುದು ಮಾತ್ರ ಉಳಿಯಲಿಲ್ಲ. ಅಕ್ಕ ತಮ್ಮ ಇಬ್ಬರೂ ಆ ಅಧ್ಯಯನಕ್ಕೆ ರಕ್ತ ಕೊಟ್ಟಿದ್ದರು, ಯಂತ್ರದೊಳಗೆ ಮಲಗಿಯೂ ಬಂದಿದ್ದರು.

ಗುಳ್ಳೆ ಕಂಡ ದಿನ ಅವಳು ಮಾಡಬಾರದ್ದನ್ನು ಮಾಡಿದಳು. ಕೋಣೆಯಲ್ಲಿ ಯಾರೂ ಇಲ್ಲದಾಗ, ನೆನಪಿದ್ದ ಜೋಡಿ ಸಂಖ್ಯೆ ಹಾಕಿ ತಮ್ಮಿಬ್ಬರ ಚಿತ್ರಗಳನ್ನು ತೆರೆದಳು. ಅಧ್ಯಯನದ ಚಿತ್ರಗಳಲ್ಲಿ ಯಾರದೆಂದು ತಿಳಿಯದಂತೆ ಮೂಗು, ತುಟಿ, ಗಲ್ಲ ಎಲ್ಲವನ್ನೂ ಅಳಿಸಿರುತ್ತಾರೆ. ಇಲ್ಲದಿದ್ದರೆ ತಮ್ಮನ ಗಿಣಿಮೂಗನ್ನು ಅವಳು ಕಣ್ಣುಮುಚ್ಚಿ ಗುರುತು ಹಿಡಿಯುತ್ತಿದ್ದಳು. ಮೊದಲ ಮಿದುಳಿನ ನಡುವೆ ನೀರು ತುಂಬಿದ ಪೊಳ್ಳು ಅಗಲವಾಗಿತ್ತು, ಸುತ್ತಲಿನ ಬೂದು ಅಂಚು ಸೊರಗಿತ್ತು. ಕೆಳಗೆ ರಕ್ತದಲ್ಲಿ ವೈರಸ್ಸಿನ ಗುರುತು ಇದೆ ಎಂದಿತ್ತು. ಎರಡನೆಯದು ಅಚ್ಚುಕಟ್ಟಾಗಿತ್ತು, ಗುರುತೂ ಇರಲಿಲ್ಲ. ಅವಳ ಕೋಣೆಯಲ್ಲಿ ಯಾವಾಗಲೂ ಕಾಯಿಲೆಯವರನ್ನು ಮೊದಲು ಮಲಗಿಸುವುದು, ಜೊತೆಯವರನ್ನು ಆಮೇಲೆ. ಹಾಗಾಗಿ ಮೊದಲನೆಯದು ತಮ್ಮನದೇ ಎಂದು ಕ್ಷಣವೂ ಯೋಚಿಸದೆ ತೀರ್ಮಾನಿಸಿದಳು. ಹೆದರಿದವಳಿಗೆ ಹಗ್ಗವೆಲ್ಲ ಹಾವು.

ಸಂಜೆ ಮನೆಗೆ ಬಂದಾಗ ಅಳಿಲು ಮಾವನ ತೊಡೆಯ ಮೇಲೆ ಕೂತು ಅವನ ಲೋಟ ಎತ್ತಿ ಕುಡಿಯುತ್ತಿದ್ದಳು. ಅಕ್ಕ ಲೋಟ ಕಿತ್ತುಕೊಂಡಳು.

"ಇನ್ನು ಮೇಲೆ ಅವಳನ್ನ ಮುಟ್ಟಬೇಡ."

ತಮ್ಮ ಮಗುವನ್ನು ನಿಧಾನವಾಗಿ ಕೆಳಗಿಳಿಸಿದ. "ನಾನೇನು ಮಾಡ್ದೆ ಅಕ್ಕ?"

"ಏನೂ ಮಾಡಿಲ್ಲ. ನಿನ್ನಿಂದ ಅವಳಿಗೆ ಅಂಟಿದೆ. ನಮ್ಮ ವಂಶದ್ದು ಅವಳಲ್ಲಿ ಮೊದಲೇ ಇದೆ, ಈಗ ಇದೂ ಸೇರ್ತು. ಅವಳು ನಿನ್ನ ಹಾಗೆ ಆದ್ರೆ?"

ಮಾತು ಬಾಯಿಂದ ಜಾರಿಹೋಯಿತು. ತಮ್ಮ ತನ್ನ ಅಂಗೈ ನೋಡಿಕೊಂಡ. ಆಮೇಲೆ "ಆಯ್ತಕ್ಕ. ಅಂಗಡಿಯ ಅಟ್ಟದ ಮೇಲೆ ಮಲಗೋಕೆ ಜಾಗ ಇದೆ. ನಾಳೆ ಹೋಗ್ತೀನಿ" ಎಂದ. ಜಗಳವಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಡಾಕ್ಟರಮ್ಮ ಅವಳನ್ನು ಕರೆಸಿದರು. ಯಾರು ಯಾವ ಚಿತ್ರ ತೆರೆದರೆಂದು ಕಂಪ್ಯೂಟರ್ ಚಾಡಿ ಹೇಳಿತ್ತು.

"ನೀವೇ ಹೀಗೆ ಮಾಡಿದ್ರೆ ಹೇಗೆ? ಏನಾಗಿತ್ತು ನಿಮಗೆ?"

ಅಕ್ಕ ಅಳುತ್ತಲೇ ಗುಳ್ಳೆಯ ವಿಷಯ, ಮೊದಲನೆಯ ಚಿತ್ರದ ವಿಷಯ, ತಮ್ಮನನ್ನು ಮನೆಯಿಂದ ಕಳಿಸುತ್ತಿರುವ ವಿಷಯ ಎಲ್ಲ ಹೇಳಿದಳು. ಡಾಕ್ಟರಮ್ಮನ ಸಿಟ್ಟು ಇಳಿದುಹೋಯಿತು.

"ಅಯ್ಯೋ, ಯಾರದು ಯಾವುದು ಅಂತ ಅಳೆಯೋರಿಗೆ ಗೊತ್ತಾಗಬಾರದು ಅಂತ ಜೋಡಿಗಳನ್ನ ಹಿಂದುಮುಂದು ಮಾಡಿರ್ತೀವಿ. ಹೇಳಬಾರದು, ಆದರೆ ಅವನನ್ನ ಹೊರಗೆ ಹಾಕೋಕೆ ಬಿಡಲಾರೆ. ಆ ಮೊದಲನೇದು ನಿಮ್ಮದು. ವೈರಸ್ಸಿನ ಗುರುತು ಇರೋದೂ ನಿಮ್ಮ ರಕ್ತದಲ್ಲೇ."

ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ತನ್ನ ತುಟಿ ಒಡೆಯುತ್ತಿದ್ದುದು ಅಕ್ಕನಿಗೆ ಈಗ ನೆನಪಾಯಿತು. ಅಳಿಲನ್ನು ಹೆತ್ತ ದಿನದಿಂದ ಬಾಯಿತುಂಬ ಮುದ್ದಿಟ್ಟದ್ದು ನೆನಪಾಯಿತು.

"ಕೇಳಿ ಇಲ್ಲಿ," ಡಾಕ್ಟರಮ್ಮ ಅವಳ ಭುಜ ಹಿಡಿದರು. "ದಾರಿಯಲ್ಲಿ ಹೋಗೋ ಅರ್ಧ ಜನರ ಮೈಯಲ್ಲಿ ಈ ವೈರಸ್ ಇದೆ. ಅವರಿಗೆಲ್ಲ ಕಾಯಿಲೆ ಬರುತ್ತಾ? ನಾವು ನೋಡೋದು ನೂರಾರು ಜನರ ಸರಾಸರಿ. ಒಬ್ಬರ ಚಿತ್ರದಲ್ಲಿ ಯಾರ ಹಣೆಬರಹಾನೂ ಇರಲ್ಲ. ನೋಡಿ, ಕಾಯಿಲೆ ಅವನಿಗೆ, ಸೊರಗಿದ ಚಿತ್ರ ನಿಮ್ಮದು. ಇದಕ್ಕಿಂತ ಸಾಕ್ಷಿ ಬೇಕಾ?"

ಅವರು ಹೇಳಿದ್ದೆಲ್ಲ ನಿಜ. ಅಕ್ಕ ತಲೆಯಾಡಿಸಿ, ರಜೆ ಕೇಳಿ, ಓಡುತ್ತಲೇ ಮನೆಗೆ ಬಂದಳು. ದಾರಿಯುದ್ದಕ್ಕೂ ನಾಲಿಗೆ ತನ್ನ ತುಟಿಯನ್ನೇ ತಡಕುತ್ತಿತ್ತು. ತನ್ನ ತಲೆಯೊಳಗೆ ಆ ಪೊಳ್ಳು ಇಷ್ಟಿಷ್ಟೇ ಅಗಲವಾಗುತ್ತಿದೆಯೇನೋ ಅನ್ನಿಸುತ್ತಿತ್ತು.

ತಮ್ಮ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ಮಗುವನ್ನು ಒಂಟಿಯಾಗಿ ಬಿಟ್ಟುಹೋಗಲು ಮನಸ್ಸಾಗದೆ, ಒಳಗೆ ಹೋಗಲು ಧೈರ್ಯವಾಗದೆ ಅಲ್ಲೇ ಉಳಿದಿದ್ದ. ಅಳಿಲು ಒಳಗಿನಿಂದ ಕಿಟಕಿಯ ಸರಳು ಹಿಡಿದು ಅವನ ಜೊತೆ ಹರಟುತ್ತಿದ್ದಳು.

"ಹೋಗಬೇಡ ಕಣೋ. ನನ್ನದೇ ತಪ್ಪು. ನಿನ್ನಿಂದ ಅಲ್ಲ, ನನ್ನಿಂದಾನೇ," ಎಂದಳು ಅಕ್ಕ ಏದುಸಿರಿನಲ್ಲಿ.

ಅಷ್ಟರಲ್ಲಿ ಅಳಿಲು ಬಾಗಿಲು ತೆರೆದು ಓಡಿಬಂದು, ಎಂದಿನಂತೆ ಮುತ್ತಿಗಾಗಿ ಮುಖ ಮೇಲೆತ್ತಿದಳು. ಅಕ್ಕನ ಕೈ ತಾನಾಗಿಯೇ ಬಾಯಿ ಮುಚ್ಚಿಕೊಂಡಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

ತಮ್ಮ ಎದ್ದು ಅವಳ ಹತ್ತಿರ ಬಂದ. ಮಗುವಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ.

"ಅಕ್ಕ, ಅಳಿಲು ಹುಟ್ಟಿದ ಹೊಸತರಲ್ಲಿ ನನ್ನ ತಲೆಯೊಳಗಿನವರು ಹೀಗೇ ಹೇಳ್ತಿದ್ರು. ನೀನು ವಿಷ, ಮಗು ಹತ್ರ ಹೋಗಬೇಡ, ಮುಟ್ಟಿದ್ರೆ ಹಾಳಾಗ್ತಾಳೆ ಅಂತ." ಅವಳ ಮುಖವನ್ನು ಕರುಣೆಯಿಂದ ನೋಡಿದ. "ನಿನಗೂ ಹೇಳೋಕೆ ಶುರು ಮಾಡಿದ್ರಾ?"